ಮನೆಗೆ ಬಂದ ಬಿಲ್ಲೆ

ಮೊನ್ನೆ ಸೋಮವಾರ ಮೊಮ್ಮಗಳು ಕಾರ್ಖಾನೆಯಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅವಳ ಕೊರಳಲ್ಲಿ ಅದು ನೇತಾಡುತ್ತಿತ್ತು. ಕೆಂಪು ದಾರ, ದಾರದ ತುದಿಗೊಂದು ಹಿತ್ತಾಳೆ ಕೊಂಡಿ, ಕೊಂಡಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ಚೀಟಿ. ಅವಳದು ಇಂಜಿನಿಯರಿಂಗ್ ಕೊನೆಯ ವರ್ಷ. ಕಾಲೇಜಿಗೂ ಕಾರ್ಖಾನೆಗೂ ಏನೋ ಒಪ್ಪಂದವಾಗಿದೆಯಂತೆ, ಆರು ವಾರ ಅಲ್ಲಿ ಹೋಗಿ ಕೆಲಸ ಕಲಿಯಬೇಕು. ಇಂಟರ್ನ್‌ಶಿಪ್ ಅನ್ನುತ್ತಾಳೆ. ನಮ್ಮ ಕಾಲದಲ್ಲಿ ಟ್ರೈನಿಂಗ್ ಅನ್ನುತ್ತಿದ್ದರು.

"ಏನೇ ಅದು ಕತ್ತಲ್ಲಿ?"

"ಪಾಸು ಅಜ್ಜಿ. ಒಳಗೆ ಹೋಗ್ವಾಗ ಕೊಡ್ತಾರೆ, ಬರ್ವಾಗ ಗೇಟಲ್ಲಿ ವಾಪಸ್ ಕೊಡಬೇಕು. ಮರೆತೇಬಿಟ್ಟೆ. ನಾಳೆ ಕೊಟ್ರಾಯ್ತು ಬಿಡು."

"ಈಗ್ಲೇ ಓಗಿ ಕೊಟ್ಟು ಬಾ."

"ಅಜ್ಜೀ! ಎರಡು ಬಸ್ ಹತ್ಬೇಕು!"

"ಮೂರಾದ್ರೂ ಸರಿ. ಓಗೇ."

ತಮಾಷೆ ಅಂದುಕೊಂಡಳು. ಅವಳ ತಪ್ಪೇನೂ ಇಲ್ಲ. ಫೋನಿನಲ್ಲಿ ಟೈಪು ಮಾಡುವುದು ಕಲಿತ ಮೊದಲ ದಿನವೇ ನೆಂಟರಿಗೆಲ್ಲ 'ನಾನಿನ್ನೂ ಇದ್ದೀನಿ, ಯಾರೂ ರಜೆ ಹಾಕಬೇಡಿ' ಎಂದು ಕಳಿಸಿದವಳು ನಾನು. ಆದರೆ ನನ್ನ ಮುಖ ನೋಡಿ ಅವಳು ಚಪ್ಪಲಿ ಮತ್ತೆ ಮೆಟ್ಟಿದಳು. ಹೋಗುವ ಮುನ್ನ ಆ ಪಾಸನ್ನು ಒಂದು ಗಳಿಗೆ ನನ್ನ ಕೈಗೆ ಕೊಟ್ಟಿದ್ದಳು. ಅವಳು ಹೋದ ಮೇಲೆ ಅಂಗೈ ಮೂಸಿದೆ. ಬೆವರು ಹತ್ತಿದ ಹಿತ್ತಾಳೆಯ ವಾಸನೆ. ಅರವತ್ತು ವರ್ಷಕ್ಕೂ ಮೇಲಾಯಿತು, ಆ ವಾಸನೆ ಒಂದಿಷ್ಟೂ ಬದಲಾಗಿಲ್ಲ.

ಯಾಕಜ್ಜಿ ಎಂದು ಅವಳು ಬಾಗಿಲಲ್ಲಿ ಕೇಳಿದ್ದಳು. ಬಾಯಲ್ಲಿ ಹೇಳಲು ಆಗಲಿಲ್ಲ. ಅದಕ್ಕೇ ಒಂದೇ ಬೆರಳಲ್ಲಿ ಒತ್ತಿ ಒತ್ತಿ ಬರೆಯುತ್ತಿದ್ದೇನೆ. ನಾಲ್ಕು ದಿನ ಹಿಡಿಯಿತು.

ನನಗಾಗ ಹನ್ನೆರಡು ವರ್ಷ. ಚಿನ್ನದ ಗಣಿ ಬಿಳಿಯರ ಕೈಯಿಂದ ಸರ್ಕಾರದ ಕೈಗೆ ಬಂದು ಒಂದೆರಡು ವರ್ಷವಾಗಿತ್ತು. ನಂದಿದುರ್ಗ ಎಂಬ ಗಣಿಯ ಕಡೆ, ಕೆಲಸದವರಿಗೆಂದು ಕಟ್ಟಿದ ಲೈನ್ ಮನೆಗಳ ಸಾಲಿನಲ್ಲಿ ಕೊನೆಯದು ನಮ್ಮದು. ಒಂದು ಕೋಣೆ, ಮುಂದೆ ಬಿದಿರು ತಟ್ಟಿ ಕಟ್ಟಿದ ಪುಟ್ಟ ಜಗಲಿ. ಪಕ್ಕದವರದು ತಮಿಳು, ಎದುರಿನವರದು ತೆಲುಗು, ನಮ್ಮ ಬಾಗಿಲೊಳಗೆ ಮಾತ್ರ ಬಂಗಾರಪೇಟೆ ಕಡೆಯ ಕನ್ನಡ. ಬೇಸಿಗೆಯಲ್ಲಿ ಗಾಳಿ ಎದ್ದರೆ ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಪುಡಿ ಹಾರಿ ಬಂದು ಒಣಗಲು ಹಾಕಿದ ಬಟ್ಟೆ, ಕೊಡದ ನೀರು, ಕಣ್ಣಿನ ರೆಪ್ಪೆ ಎಲ್ಲದರ ಮೇಲೂ ಕೂರುತ್ತಿತ್ತು. ಅಮ್ಮ ರಾಗಿ ಹಿಟ್ಟಿನ ಡಬ್ಬದ ಬಾಯಿಗೆ ಎರಡು ಸುತ್ತು ಬಟ್ಟೆ ಕಟ್ಟಿ ಮುಚ್ಚಿಡುತ್ತಿದ್ದುದು ಅದಕ್ಕೇ.

ಅಪ್ಪ ಮುನಿಯಪ್ಪ, ಕೇಜು ಎಂಬ ಕಬ್ಬಿಣದ ಪಂಜರದಲ್ಲಿ ಇಳಿದು ನೆಲದೊಳಗೆ ಮರ ಕಟ್ಟುವ ಕೆಲಸದವನು. ಬಂಡೆ ಕೊರೆದು ಬರಿದಾದ ಜಾಗ ಕುಸಿಯದಂತೆ ದಿಮ್ಮಿ ಒಡ್ಡಿ ನಿಲ್ಲಿಸಬೇಕು. ಓದು ಬರಹ ಬಾರದು. ಆದರೆ ಕಬ್ಬಿಣದ ಸರಳಿನಿಂದ ತಲೆಯ ಮೇಲಿನ ಬಂಡೆಗೆ ಒಮ್ಮೆ ತಟ್ಟಿದರೆ ಅದು ಗಟ್ಟಿಯಾಗಿದೆಯೋ, ಒಳಗೇ ಬಿಟ್ಟುಕೊಂಡು ಬೀಳಲು ಕಾದಿದೆಯೋ ಹೇಳುತ್ತಿದ್ದ.

ಆ ಬೇಸಿಗೆಯಲ್ಲಿ ಒಂದು ಇಂಜಿನಿಯರಿಂಗ್ ಕಾಲೇಜಿನಿಂದ ಆರು ಜನ ಹುಡುಗರು ಬಂದರು. ಕಾಲೇಜಿನ ದೊಡ್ಡವರೂ ಗಣಿಯ ದೊಡ್ಡವರೂ ಕೂತು ಕಾಗದಕ್ಕೆ ಸಹಿ ಮಾಡಿಕೊಂಡಿದ್ದರು. ಹುಡುಗರು ಆರು ವಾರ ಗಣಿಯೊಳಗೆ ಇಳಿದು ಕೆಲಸ ನೋಡಿ ಕಲಿಯಬೇಕು, ಗಣಿಯವರು ಸರ್ಟಿಫಿಕೇಟು ಕೊಡಬೇಕು, ಅದಿದ್ದರೆ ಮಾತ್ರ ಡಿಗ್ರಿ. ಸಹಿ ಮಾಡಿದವರು ಮೇಲೇ ಉಳಿದರು. ಕಲಿಸುವ ಕೆಲಸ ಅಪ್ಪನಂಥವರ ಪಾಲಿಗೆ ಬಂತು.

ಅಪ್ಪನ ಕೈಗೆ ಸಿಕ್ಕವನು ಶ್ರೀಕಂಠ. ಮೈಸೂರಿನವನು, ಕಡ್ಡಿಯಂಥ ಆಳು, ತಲೆಗೆ ಕೊಟ್ಟ ಟೋಪಿ ಮೂಗಿನವರೆಗೆ ಜಾರುತ್ತಿತ್ತು. ಮೊದಲ ದಿನವೇ ಅಪ್ಪ ಅವನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಮನೆಗೆ ಬಂದ.

"ಇವ್ನಿಗೊಂದು ಮುದ್ದೆ ಆಕು. ಕೇಜಲ್ಲಿ ಇಳಿಯೋವಾಗ ಒಟ್ಟೇಲಿದ್ದದ್ದೆಲ್ಲ ಮೇಲಕ್ಕೆ ಬಂದುಬಿಡ್ತು."

"ಮುದ್ದೆ ಉಣ್ಣಕ್ಕೆ ಬತ್ತದಾ ಇಂಜಿನಿಯರಪ್ಪಂಗೆ?" ಎಂದಳು ಅಮ್ಮ.

ಬರುತ್ತಿರಲಿಲ್ಲ. ಅನ್ನ ಉಂಡು ಬೆಳೆದವನು, ಮುದ್ದೆ ಬಾಯಿಗಿಟ್ಟು ಎಮ್ಮೆಯ ಹಾಗೆ ಅಗಿಯತೊಡಗಿದ. ನಾನು ಗೋಡೆಗೆ ಒರಗಿ ನಕ್ಕೆ.

"ಅಣ್ಣಾ, ಅದನ್ನ ಅಗೀಬಾರ್ದು, ನುಂಗ್ಬೇಕು! ಕಾಲೇಜಲ್ಲಿ ಏಳ್ಕೊಡಲ್ವಾ?"

"ಇಲ್ಲಮ್ಮ, ನಮ್ಮ ಸಿಲಬಸ್‌ನಲ್ಲಿ ಇಲ್ಲ," ಎಂದ ಗಂಭೀರವಾಗಿ, ತುಂಬಿದ ಬಾಯಲ್ಲೇ.

ಅಂದಿನಿಂದ ಮಧ್ಯಾಹ್ನ ಅಪ್ಪನ ಪಾಳಿ ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಬಂದು ಉಣ್ಣುವುದು ರೂಢಿಯಾಯಿತು. ಊಟವಾದ ಮೇಲೆ ಅಪ್ಪನ ಕಾಲೇಜು ಶುರು. ಅಮ್ಮನ ಡಬ್ಬ, ಮಡಕೆಗಳನ್ನೆಲ್ಲ ಸಾಲಾಗಿ ಇಟ್ಟು ಶ್ರೀಕಂಠನ ಕಣ್ಣಿಗೆ ಟವೆಲು ಕಟ್ಟಿ ಕೈಗೊಂದು ಸೌಟು ಕೊಡುತ್ತಿದ್ದ.

"ತಟ್ಟು. ಏನು ಕೇಳ್ತದೆ?"

"ತುಂಬಿದೆ."

"ಇದು?"

"ಖಾಲಿ."

"ಅರ್ಧ ಐತೆ ಕಣಪ್ಪಾ! ಇವತ್ತು ಬಂಡೆ ನಿನ್ನ ತಲೆ ಮ್ಯಾಲೆ ಬಿತ್ತು. ಸತ್ತೆ ನೀನು. ಇನ್ನೊಂದ್ಸಲ ತಟ್ಟು."

ಕಾಲೇಜಿನವರು ಹುಡುಗರಿಗೆ ಒಂದೊಂದು ಡೈರಿ ಕೊಟ್ಟಿದ್ದರು. ದಿನದಿನದ ಕೆಲಸ ಬರೆದು, ವಾರಕ್ಕೊಮ್ಮೆ ಸಾಹೇಬರ ಸಹಿ ಹಾಕಿಸಬೇಕು. ಶ್ರೀಕಂಠ ಮಾತ್ರ ಪ್ರತಿ ದಿನದ ಪುಟದ ಕೆಳಗೆ ಅಪ್ಪನ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ. "ಕಲಿಸಿದವರು ನೀವು, ಯಜಮಾನ್ರೇ," ಎನ್ನುತ್ತಿದ್ದ. ಅಪ್ಪ ಬೆರಳಿನ ಶಾಯಿಯನ್ನು ಕೂಡಲೇ ತೊಳೆಯುತ್ತಿರಲಿಲ್ಲ. ಲೈನಿನ ತುದಿಯವರೆಗೆ ಸುಮ್ಮನೆ ಒಂದು ಸುತ್ತು ಹೋಗಿ ಬರುತ್ತಿದ್ದ.

ಇನ್ನು ಬಿಲ್ಲೆಯ ವಿಚಾರ. ಗಣಿಗೆ ಇಳಿಯುವ ಪ್ರತಿಯೊಬ್ಬನಿಗೂ ನಂಬರು ಕೊರೆದ ಒಂದು ಹಿತ್ತಾಳೆ ಬಿಲ್ಲೆ. ಗಣಿಗೆ ಇಳಿಯುವ ಬಾವಿ, ಅಂದರೆ ಶಾಫ್ಟಿನ ಬಾಯಲ್ಲಿ ದೊಡ್ಡ ಹಲಗೆ, ಹಲಗೆಯ ತುಂಬ ಮೊಳೆ. ಇಳಿಯುವಾಗ ಮೊಳೆಯಿಂದ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಮೇಲೆ ಬಂದು ಹಿಂದಿರುಗಿಸಬೇಕು. ಮೊಳೆ ಖಾಲಿ ಇದೆ ಎಂದರೆ ಆ ಮನುಷ್ಯ ಇನ್ನೂ ಒಳಗಿದ್ದಾನೆ. ಹೆಣ್ಣುಮಕ್ಕಳು ಗಣಿಗೆ ಇಳಿಯುವ ಹಾಗಿರಲಿಲ್ಲ. ಅಪ್ಪ ದಿನಾ ಹೋಗುವ ಆ ಕತ್ತಲೆಗೆ ಹೋಗಿ ಬಂದ ಒಂದು ವಸ್ತುವನ್ನಾದರೂ ಕೈಯಲ್ಲಿ ಹಿಡಿಯಬೇಕೆಂಬ ಹುಚ್ಚು ನನಗೆ.

"ಒಂದೇ ಒಂದ್ಸಲ ಮನೆಗೆ ತಾರಪ್ಪಾ."

"ಬಿಲ್ಲೆ ಮನೆಗೆ ಬಂದ್ರೆ ಮನುಸ್ಯ ಒಳಗೇ ಅಂತ ಲೆಕ್ಕ ಕಣೇ ಲಚ್ಚೀ. ನಾನು ಇಲ್ಲಿ ಕೂತು ಉಣ್ತಾ ಇದ್ರೂ ಒಳಗೇ."

ಅಪ್ಪ ಬಗ್ಗಲಿಲ್ಲ. ಶ್ರೀಕಂಠನ ಬೆನ್ನು ಹತ್ತಿದೆ. ನೀರು ಕೊಡುವಾಗ, ಸಾರು ಬಡಿಸುವಾಗ, ಬಾಗಿಲಲ್ಲಿ ಬೀಳ್ಕೊಡುವಾಗ ಒಂದೇ ರಾಗ. ಕೊನೆಗೆ ಅವನು ಸೋತು, "ಕೊನೇ ದಿನ ನೋಡೋಣ," ಎಂದ.

ಕೊನೆಯ ದಿನ ಬಂತು. ಅವನಿಗೆಂದು ಅಮ್ಮ ಹುರುಳಿಕಾಳು ಸಾರು ಮಾಡಿದ್ದಳು. ಅಪ್ಪ ಬರಲು ಇನ್ನೂ ಒಂದು ಗಂಟೆ ಇರುವಾಗಲೇ ಶ್ರೀಕಂಠ ಒಬ್ಬನೇ ಬಂದ. ಅಪ್ಪ ಬೆಳಿಗ್ಗೆ ಒಂದು ಜಾಗ ತೋರಿಸಿ, ಇಲ್ಲೇ ಕೂತು ನಕ್ಷೆ ಬರೆ ಎಂದು ಹೇಳಿ ಬೇರೆ ಕಡೆ ಮರ ಕಟ್ಟಲು ಹೋಗಿದ್ದನಂತೆ. ನಕ್ಷೆ ಬೇಗ ಮುಗಿಯಿತು. ಅಪ್ಪನನ್ನು ಹುಡುಕಿ ಹೇಳಿ ಬರುವ ಬದಲು ಸಿಕ್ಕಿದ ಕೇಜು ಹತ್ತಿ ಮೇಲೆ ಬಂದುಬಿಟ್ಟಿದ್ದ. ಹಲಗೆ ಕಾಯುವವನ ಕಣ್ಣು ತಪ್ಪಿಸಿ, ಬಿಲ್ಲೆ ಕೊಡದೆ ಜೇಬಿಗೆ ಹಾಕಿಕೊಂಡು ಬಂದಿದ್ದ. ನನಗಾಗಿ.

"ಬೇಗ ನೋಡಿ ಕೊಡು. ಊಟ ಮುಗಿದ ತಕ್ಷಣ ಓಡಿಹೋಗಿ ಕೊಟ್ಟು ಬರ್ತೀನಿ."

ಅಂಗೈಯಷ್ಟಗಲ, ಬೆಚ್ಚಗೆ, ನಡುವೆ ನಂಬರು, ಮೇಲೊಂದು ತೂತು. ಮೂಸಿದೆ. ನಾಲಿಗೆಯ ತುದಿಯಿಂದ ಮುಟ್ಟಿಯೂ ನೋಡಿದೆ. ಅಮ್ಮ ನಲ್ಲಿಯ ಹತ್ತಿರ ಇದ್ದಳು. ಶ್ರೀಕಂಠ ಕೈ ತೊಳೆಯಲು ಹೊರಗೆ ಹೋದ. ನನ್ನ ತಲೆಯಲ್ಲಿ ತುಂಟತನ ಮೊಳೆಯಲು ಅಷ್ಟು ಹೊತ್ತೇ ಸಾಕಿತ್ತು. ರಾಗಿ ಹಿಟ್ಟಿನ ಡಬ್ಬದ ಬಟ್ಟೆ ಬಿಚ್ಚಿ, ಮೊಣಕೈವರೆಗೆ ಕೈ ತೂರಿಸಿ, ತಳದಲ್ಲಿ ಅದುಮಿಟ್ಟು ಮತ್ತೆ ಬಟ್ಟೆ ಕಟ್ಟಿದೆ.

"ಎಲ್ಲಿ ಬಿಲ್ಲೆ?"

"ಇನ್ನೊಂದು ಮುದ್ದೆ ಉಂಡ್ರೆ ಕೊಡ್ತೀನಿ."

ಉಂಡ. ಈಗ ನುಂಗುವುದು ಕಲಿತಿದ್ದ. ಉಂಡಾದ ಮೇಲೆ, "ನೀವೇ ಉಡುಕ್ಕೊಳ್ಳಿ, ಅಪ್ಪ ಏಳ್ಕೊಟ್ಟಿಲ್ವಾ?" ಎಂದೆ. ಅವನೂ ಆಟಕ್ಕೆ ಬಿದ್ದ. ಸೌಟು ತೆಗೆದುಕೊಂಡು ಡಬ್ಬಗಳಿಗೆ ತಟ್ಟುತ್ತಾ, "ಇದು ತುಂಬಿದೆ, ಇದು ಅರ್ಧ, ಇದು ಖಾಲಿ," ಎಂದು ಅಪ್ಪನ ದನಿಯಲ್ಲೇ ಹೇಳಿದ. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಆಗ ನೆಲ ಕೆಳಗಿನಿಂದ ಒಂದು ಸಲ ಗುದ್ದಿತು.

ನೆಲದಾಳದಲ್ಲಿ ಬಂಡೆ ತಾನೇ ಸಿಡಿಯುವುದಕ್ಕೆ ನಮ್ಮಲ್ಲಿ ಬರ್ಸ್ಟು ಎನ್ನುತ್ತಿದ್ದರು. ಲೈನ್ ಮನೆಯವರಿಗೆ ಅದು ಹೊಸದಲ್ಲ. ಪಾತ್ರೆ ಅಲುಗಿದರೆ ಹೆಂಗಸರು ಹೊರಗೆ ಬಂದು ಶಾಫ್ಟಿನ ಕಡೆ ನೋಡುತ್ತಾ ನಿಲ್ಲುತ್ತಿದ್ದರು. ಸಂಗು, ಅಂದರೆ ಗಣಿಯ ಅಪಾಯದ ಸೈರನ್ನು, ಕೂಗದಿದ್ದರೆ ಮತ್ತೆ ಒಲೆಯ ಮುಂದೆ. ಅಂದು ಡಬ್ಬಗಳು ಉರುಳಿದವು, ಹೆಂಚಿನ ಮಣ್ಣು ತಲೆಯ ಮೇಲೆ ಉದುರಿತು, ಒಂದೆರಡು ನಿಮಿಷದಲ್ಲೇ ಸಂಗು ಕೂಗಿತು.

ಅಮ್ಮ ಕೊಡ ಬಿಟ್ಟು ಓಡಿ ಬಂದು ಬಾಗಿಲು ಹಿಡಿದು ನಿಂತಳು.

"ಅವ್ರೆಲ್ಲಿ?"

"ಇನ್ನೂ ಬಂದಿಲ್ಲಮ್ಮ, ಒಳಗಿದ್ದಾರೆ," ಎಂದ ಶ್ರೀಕಂಠ. ನನ್ನ ಕಡೆ ತಿರುಗಿದ. "ಲಚ್ಚೀ, ಬಿಲ್ಲೆ ಕೊಡು."

ಅಮ್ಮ ನನ್ನನ್ನೇ ನೋಡಿದಳು. ಬಿಲ್ಲೆ ಮನೆಗೆ ಬಂದಿದೆ ಎಂದು ತಿಳಿದರೆ ಅಪ್ಪ ಚರ್ಮ ಸುಲಿಯುತ್ತಾನೆ, ಅಷ್ಟೇ ನನ್ನ ತಲೆಗೆ ಬಂದದ್ದು.

"ಯಾವ ಬಿಲ್ಲೆ?" ಎಂದೆ.

ಅವನು ನನ್ನನ್ನೊಮ್ಮೆ ನೋಡಿದ. ಆಮೇಲೆ ಚಾಪೆ ಎತ್ತಿದ, ಗೂಡಿನೊಳಗೆ ಕೈಯಾಡಿಸಿದ, ಬಿದ್ದ ಡಬ್ಬಗಳ ಹಿಂದೆ ಇಣುಕಿದ. "ನೆನಪು ಮಾಡ್ಕೊಳಮ್ಮ, ಲಚ್ಚೀ," ಎಂದು ಮೆಲ್ಲಗೆ ಇನ್ನೊಮ್ಮೆ ಕೇಳಿದ. ನಾನು ತಲೆ ಅಲ್ಲಾಡಿಸಿದೆ. ಮೊದಲು ಅರ್ಥವಾದದ್ದು ಅಮ್ಮನಿಗೆ.

"ಬಿಲ್ಲೆ ಕೊಡದೆ ಬಂದಿದ್ದೀರಾ? ಅಯ್ಯೋ, ಅದು ಸಿಗದಿದ್ರೆ ಓಗ್ಲಿ, ನೀವು ಓಡಿ ಸ್ವಾಮೀ! ನಿಮ್ಮನ್ನ ಒಳಗವ್ರೆ ಅಂತ ಎಣಿಸ್ತಾರೆ!"

ಎಂಜಲು ಕೈಯಲ್ಲೇ, ಬರಿಗಾಲಲ್ಲೇ ಓಡಿದ. ಹಿಂದೆ ಅಮ್ಮ, ಅವಳ ಹಿಂದೆ ನಾನು. ಶಾಫ್ಟಿಗೆ ಒಂದು ಮೈಲಿಗೂ ಹೆಚ್ಚು ದಾರಿ.

ಅಷ್ಟರಲ್ಲಿ ಶಾಫ್ಟಿನ ಬಾಯಲ್ಲಿ ನಡೆದದ್ದನ್ನು ಆಮೇಲೆ ಹಲಗೆ ಕಾಯುವ ದೊರೆಸ್ವಾಮಿ ಹೇಳಿದ. ಬರ್ಸ್ಟು ಆದದ್ದು ಅಪ್ಪ ಕೆಲಸ ಮಾಡುತ್ತಿದ್ದ ಕಡೆಯಿಂದ ದೂರ. ಅಪ್ಪನೂ ಸೇರಿ ಎಲ್ಲರೂ ಕೂಡಲೇ ಕೇಜು ಹತ್ತಿ ಮೇಲೆ ಬಂದರು. ಮೈಯಲ್ಲಿ ಒಂದು ಗೀರೂ ಇರಲಿಲ್ಲ. ಅಪ್ಪ ತನ್ನ ಬಿಲ್ಲೆ ಕೊಟ್ಟ, ದೊರೆಸ್ವಾಮಿ ಅದನ್ನು ಮೊಳೆಗೆ ಹಾಕಿದ. ಹಲಗೆ ನೋಡಿದರೆ ಖಾಲಿ ಇದ್ದದ್ದು ಒಂದೇ ಮೊಳೆ.

"ಉನ್ ಕಾಲೇಜ್ ತಂಬಿ ಇನ್ನುಂ ವರಲೈ, ಮುನಿಯಪ್ಪಾ," ಎಂದ ದೊರೆಸ್ವಾಮಿ, ನಿನ್ನ ಕಾಲೇಜು ಹುಡುಗ ಇನ್ನೂ ಬಂದಿಲ್ಲ ಎಂದು.

"ಬೆಳಿಗ್ಗೆ ನಾನೇ ಕೂರಿಸ್ದೆ ಅವ್ನನ್ನ. ದಾರಿ ತಿಳೀದೆ ಅಲ್ಲೇ ಕೂತವ್ನೆ," ಎಂದನಂತೆ ಅಪ್ಪ. "ನಮ್ಮ ಕೈಗೆ ಒಪ್ಪಿಸಿರೋ ಉಡುಗ ಕಣಯ್ಯಾ. ಕೊಡು ಬಿಲ್ಲೆ."

ಈಗಷ್ಟೇ ಕೊಟ್ಟ ಬಿಲ್ಲೆಯನ್ನೇ ಮತ್ತೆ ತೆಗೆದುಕೊಂಡು ಇಬ್ಬರ ಜೊತೆ ಇಳಿದ. ಕೆಳಗೆ ಆ ಇಬ್ಬರನ್ನು, ನೀವು ಮಕ್ಕಳೊಂದಿಗರು, ಕೇಜಿನ ಹತ್ತಿರವೇ ಇರಿ ಎಂದು ನಿಲ್ಲಿಸಿ ಒಬ್ಬನೇ ಒಳಕ್ಕೆ ಹೋದನಂತೆ. ತಾನೂ ಮಕ್ಕಳೊಂದಿಗ ಎಂಬುದು ಆ ಗಳಿಗೆಯಲ್ಲಿ ನೆನಪಾಗಲಿಲ್ಲವೇನೋ.

ನಾವು ಹೋದಾಗ ಗೇಟಿನ ಮುಂದೆ ಹೆಂಗಸರ ಗುಂಪು. ಶ್ರೀಕಂಠ ಅವರ ನಡುವೆ ನುಗ್ಗಿ ಗೇಟು ಹಿಡಿದು, "ನಾನೇ ಅವನು! ಮೇಲಿದ್ದೀನಿ, ಮೇಲಿದ್ದೀನಿ!" ಎಂದು ಕೂಗುತ್ತಿದ್ದ. ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ. ದೊರೆಸ್ವಾಮಿ ಅವನನ್ನು ಕಂಡು ತಲೆ ಚಚ್ಚಿಕೊಂಡು ಒಳಗೆ ಓಡಿದ. ಕೆಳಗಿದ್ದವರನ್ನು ಕರೆಯುವ ಗಂಟೆ ಹೊಡೆದರು. ಕೇಜಿನ ಹತ್ತಿರ ನಿಂತಿದ್ದ ಇಬ್ಬರಿಗೆ ಅದು ಕೇಳಿಸಿತು. ಅವರು ಅಪ್ಪನ ಹೆಸರು ಹಿಡಿದು ಕೂಗಿದರು. ಒಳಗಿನಿಂದ ಓ ಎಂದು ಅಪ್ಪ ಓಗೊಟ್ಟದ್ದೂ ಅವರಿಗೆ ಕೇಳಿಸಿತಂತೆ.

ಆಮೇಲೆ ಎರಡನೆಯದು ಬಂತು. ಮೊದಲಿನಷ್ಟು ದೊಡ್ಡದಲ್ಲ. ನಿಂತ ನೆಲ ಸ್ವಲ್ಪ ನಡುಗಿತು, ಅಷ್ಟೆ.

ಅಪ್ಪನನ್ನು ಮರುದಿನ ಬೆಳಿಗ್ಗೆ ಮೇಲೆ ತಂದರು.

ವಿಚಾರಣೆ ನಡೆಯಿತು. ಬಿಲ್ಲೆ ಎಲ್ಲಿ ಎಂದು ಕೇಳಿದ್ದಕ್ಕೆ ಶ್ರೀಕಂಠ, ನಾನೇ ಹೊರಗೆ ಒಯ್ದೆ, ದಾರಿಯಲ್ಲಿ ಬಿದ್ದುಹೋಯಿತು ಎಂದ. ಅಷ್ಟು ಬಿಟ್ಟು ಬೇರೇನನ್ನೂ ಹೇಳಲಿಲ್ಲ. ಅವನಿಗೆ ಸರ್ಟಿಫಿಕೇಟು ಸಿಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ಕಾಲೇಜಿನಿಂದ ಯಾವ ಹುಡುಗರೂ ಬರಲಿಲ್ಲ. ಅಪ್ಪನ ಹನ್ನೊಂದನೆಯ ದಿನದ ತಿಥಿಗೆ ಅವನು ಬಂದು ಬಿದಿರು ತಟ್ಟಿಯ ಹೊರಗೇ ನಿಂತಿದ್ದ. ಅಮ್ಮ ಕರೆದು ಎಲೆ ಹಾಕಿದಳು. ಎಲೆಯ ಮುಂದೆ ಕೂತು ಕೈ ಮುಗಿದು ಎದ್ದು ಹೋದ. ನಾನು ಒಲೆಯ ಹಿಂದೆ ಅವಿತಿದ್ದೆ.

ಸಾವಿನ ಮನೆಗೆ ಅಕ್ಕಪಕ್ಕದವರೇ ಅಡುಗೆ ತಂದುಕೊಡುತ್ತಿದ್ದರು. ಹಾಗಾಗಿ ರಾಗಿ ಹಿಟ್ಟಿನ ಡಬ್ಬ ಯಾರೂ ಮುಟ್ಟದೆ ಮೂಲೆಯಲ್ಲಿತ್ತು. ನಾನು ಅತ್ತ ನೋಡುತ್ತಲೂ ಇರಲಿಲ್ಲ. ಲೈನ್ ಮನೆ ಬಿಟ್ಟು ಬಂಗಾರಪೇಟೆಯ ಸೋದರಮಾವನ ಮನೆಗೆ ಹೊರಡುವ ದಿನ ಅಮ್ಮ ಡಬ್ಬವನ್ನು ಚೀಲಕ್ಕೆ ಬಗ್ಗಿಸಿದಳು. ಹಿಟ್ಟಿನ ಜೊತೆ ಅದು ಜಾರಿ ಚೀಲದ ಅಂಚಿಗೆ ತಾಗಿ ನೆಲದ ಮೇಲೆ ಬಿದ್ದು ಉರುಳಿತು.

ಅಮ್ಮ ಅದನ್ನು ನೋಡಿದಳು. ನನ್ನನ್ನು ನೋಡಿದಳು. ಹೊಡೆಯಲಿ ಎಂದು ಕಾದೆ. ಹೊಡೆಯಲಿಲ್ಲ. ಬಿಲ್ಲೆ ಎತ್ತಿಕೊಂಡು ನಂಬರಿನ ಗೆರೆಗಳಲ್ಲಿ ಕೂತ ಹಿಟ್ಟನ್ನು ಸೆರಗಿನ ತುದಿಯಿಂದ ನಿಧಾನವಾಗಿ ಒರೆಸಿದಳು. ನನ್ನ ಕೈ ಹಿಡಿದು ಶಾಫ್ಟಿನ ತನಕ ನಡೆಸಿಕೊಂಡು ಹೋದಳು. ಹಲಗೆಯ ಕಿಟಕಿಯ ಮುಂದೆ ನಿಲ್ಲಿಸಿ ಬಿಲ್ಲೆಯನ್ನು ನನ್ನ ಅಂಗೈಯಲ್ಲಿಟ್ಟಳು.

"ನೀನೇ ಕೊಡು."

ಕೊಟ್ಟೆ. ದೊರೆಸ್ವಾಮಿ ತಿರುವಿ ನೋಡಿದ. "ಎಲ್ಲಿ ಸಿಕ್ತು ಅಂತ ನಾನು ಕೇಳಲ್ಲಮ್ಮಾ," ಎಂದು ತನ್ನ ತಮಿಳು ಎಳೆತದ ಕನ್ನಡದಲ್ಲಿ ಹೇಳಿ ಮೊಳೆಗೆ ಹಾಕಿದ. ಮೇಲಿನ ಸಾಲಿನಲ್ಲಿ ಅಪ್ಪನ ಮೊಳೆ ಮಾತ್ರ ಖಾಲಿ ಇತ್ತು. ಅವನ ಬಿಲ್ಲೆ ಕುಸಿದ ಬಂಡೆಯ ಅಡಿಯಲ್ಲೇ ಉಳಿದುಹೋಗಿತ್ತು. ಹಲಗೆಯ ಲೆಕ್ಕದಲ್ಲಿ ಅಪ್ಪ ಇನ್ನೂ ಒಳಗೇ ಇದ್ದ.

ಅಮ್ಮ ಆಮೇಲೆ ಎಂಟು ವರ್ಷ ಬದುಕಿದ್ದಳು. ಆ ವಿಚಾರ ಒಂದು ಸಲವೂ ಎತ್ತಲಿಲ್ಲ. ಎತ್ತಿ ಆಡಿದ್ದರೆ ನಾನೂ ಅತ್ತು ಹಗುರಾಗುತ್ತಿದ್ದೆ. ಆದರೆ ಬಂಗಾರಪೇಟೆಯ ಮನೆಯಲ್ಲಿ ಹಿಟ್ಟಿನ ಡಬ್ಬಕ್ಕೆ ಅವಳು ನನ್ನ ಕೈ ಹಾಕಿಸುತ್ತಿರಲಿಲ್ಲ. ತಾನೇ ತೆಗೆದು ಕೊಡುತ್ತಿದ್ದಳು.

ಅಮ್ಮ ಹೋದ ಮರುವರ್ಷ. ನನಗೆ ಮದುವೆಯಾಗಿತ್ತು, ಗಂಡನಿಗೆ ಬಂಗಾರಪೇಟೆ ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸ. ಒಂದು ಮಧ್ಯಾಹ್ನ ಊಟದ ಕ್ಯಾರಿಯರ್ ಹಿಡಿದು ಪ್ಲಾಟ್‌ಫಾರಂ ಮೇಲೆ ಹೋಗುತ್ತಿದ್ದೆ. ಗಣಿಯ ಕಡೆ ಹೋಗುವ ರೈಲಿಗೆ ಕಾದು ಕಾಲೇಜು ಹುಡುಗರ ಒಂದು ಗುಂಪು ಕಲ್ಲುಬೆಂಚಿನ ಸುತ್ತ ನಿಂತಿತ್ತು. ನಡುವೆ ಒಬ್ಬ ಮೇಷ್ಟರು ಹೇಳುತ್ತಿದ್ದರು:

"ಬಂಡೆ, ಮೆಷಿನ್ನು ಎಲ್ಲ ಆಮೇಲೆ. ಮೊದಲು ಇದನ್ನ ಕಲೀರಿ. ಬಿಲ್ಲೆ ಮನೆಗೆ ಬಂದ್ರೆ ಮನುಷ್ಯ ಒಳಗೇ ಅಂತ ಲೆಕ್ಕ."

ನನ್ನ ಕಾಲು ಅಲ್ಲೇ ನಿಂತಿತು. ಅವರೂ ತಿರುಗಿ ನೋಡಿದರು. ಕೂದಲು ಆಗಲೇ ನೆರೆಯುತ್ತಿತ್ತು.

"ಲಚ್ಚೀ?"

ಶ್ರೀಕಂಠ ಬೇರೆ ಊರಿನ ಗಣಿಯಲ್ಲಿ ಮತ್ತೆ ಟ್ರೈನಿಂಗ್ ಮಾಡಿ, ತಡವಾಗಿ ಡಿಗ್ರಿ ಪಡೆದು ಅದೇ ಕಾಲೇಜಿನಲ್ಲಿ ಮೇಷ್ಟರಾಗಿದ್ದರು. ಗಣಿಯವರ ಬಳಿ ಹತ್ತಾರು ಸಲ ಅಲೆದು ನಿಂತುಹೋದ ಟ್ರೈನಿಂಗನ್ನು ಮತ್ತೆ ಶುರು ಮಾಡಿಸಿದ್ದರು. ಅಮ್ಮನ ಬಗ್ಗೆ ಕೇಳಿದರು, ಹೇಳಿದೆ. ಚೀಲದಿಂದ ಆ ಹಳೆಯ ಡೈರಿ ತೆಗೆದರು. "ಪ್ರತಿ ವರ್ಷ ಹುಡುಗರಿಗೆ ತೋರಿಸ್ತೀನಿ. ನನ್ನ ಮೇಷ್ಟ್ರು ಇವರು ಅಂತ."

ಪುಟ ಪುಟಕ್ಕೂ ಅಪ್ಪನ ಹೆಬ್ಬೆಟ್ಟು. ಬೆರಳಿನ ನಡುವಿನ ಹಳೆಯ ಗಾಯದ ಗೆರೆ ಕೂಡ ಹಾಗೇ ಇತ್ತು. ಅದರ ಮೇಲೆ ನನ್ನ ಬೆರಳಿಟ್ಟೆ. ಕೊನೆಯ ದಿನದ ಪುಟದ ಕೆಳಗೆ ಏನೂ ಇರಲಿಲ್ಲ. ಕ್ಯಾರಿಯರ್ ಬೆಂಚಿನ ಮೇಲಿಟ್ಟು, ಹುಡುಗರಿಗೆ ಕೇಳದ ಹಾಗೆ ಹೇಳಿದೆ:

"ಅಣ್ಣಾ, ಬಿಲ್ಲೆ ಕಳೆದೋಗಿರ್ಲಿಲ್ಲ. ನಾನೇ ಬಚ್ಚಿಟ್ಟಿದ್ದೆ. ಸುಳ್ಳೇಳಿದೆ."

"ಗೊತ್ತು."

"ಗೊತ್ತಾ?"

"ನಿನ್ನ ಮೊಣಕೈ ತನಕ ರಾಗಿ ಹಿಟ್ಟು ಇತ್ತಲ್ಲಮ್ಮ."

ದೂರದಲ್ಲಿ ರೈಲು ಕೂಗಿತು. ಅವರು ಡೈರಿ ಮುಚ್ಚಿದರು.

"ಡಬ್ಬಕ್ಕೆ ಕೈ ಹಾಕಿದ್ರೆ ಅಮ್ಮನ ಮುಂದೆ ನೀನು ಸುಳ್ಳಿ ಆಗ್ತಿದ್ದೆ. ನೀನೇ ಕೊಡ್ತೀಯ ಅಂತ ಚಾಪೆ ಎತ್ತೋ ನಾಟಕ ಮಾಡ್ತಾ ನಿಂತೆ. ಬಿಲ್ಲೆ ಬಿಟ್ಟು ಓಡಬೇಕಿತ್ತು ಲಚ್ಚೀ. ಅಮ್ಮ ಹೇಳೋವರೆಗೂ ಅದು ನನಗೆ ಹೊಳೀಲೇ ಇಲ್ಲ."

ಅವರು ಹುಡುಗರನ್ನು ಎಣಿಸಿ ರೈಲು ಹತ್ತಿಸಿದರು. ಹತ್ತಿದ ಮೇಲೆ ಇನ್ನೊಮ್ಮೆ ಎಣಿಸಿದರು. ಕಿಟಕಿಯಲ್ಲಿ ಅವರ ಬೆರಳು ಒಂದೊಂದು ತಲೆಯ ಮೇಲೂ ಆಡುತ್ತಿದ್ದುದು ಕಾಣುತ್ತಿತ್ತು. ಮತ್ತೆ ಅವರನ್ನು ನೋಡಲಿಲ್ಲ.

ಮೊನ್ನೆ ಮೊಮ್ಮಗಳು ವಾಪಸು ಬಂದಾಗ ದೀಪ ಹಚ್ಚುವ ಹೊತ್ತು. ದಣಿದಿದ್ದಳು. "ಕೊಟ್ಟೆ ಅಜ್ಜಿ. ಇದಕ್ಕೋಸ್ಕರ ಬಸ್ಸಲ್ಲಿ ಬಂದ್ಯಾ ಅಂತ ಗೇಟಿನವರು ನಕ್ಕರು."

"ನಗ್ಲಿ ಬಿಡು. ಅಲಗೆಗೆ ಆಕಿದ್ದು ನೀನು ಕಣ್ಣಾರೆ ನೋಡಿದ್ಯಾ?"

"ಹಲಗೆ ಎಲ್ಲಿದೆ ಅಜ್ಜಿ? ಅಲ್ಲೊಂದು ಡಬ್ಬ ಇದೆ, ಎಲ್ಲರದ್ದೂ ಅದರಲ್ಲೇ ಹಾಕೋದು."

ಮುದ್ದೆ ಕಟ್ಟುತ್ತಿದ್ದ ನನ್ನ ಕೈ ನಿಂತಿತು.

"ನಾಳೆ ಓಗಿ ಕೇಳು," ಎಂದೆ. "ಡಬ್ಬದಿಂದ ತೆಗೆದು ಎಣಿಸ್ತಾರಾ ಅಂತ."